ಮೊತ್ತದ ಕೆಳಗಿನ ಸಾಲು

2008ರ ಜೂನ್ ತಿಂಗಳಲ್ಲಿ ಕೇಂದ್ರ ಬ್ಯಾಂಕ್ ತನ್ನ ರೆಪೊ ದರವನ್ನು, ಅಂದರೆ ಇತರ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿದರವನ್ನು, ಎರಡು ಬಾರಿ ಏರಿಸಿತು. ಎರಡನೆಯ ಏರಿಕೆಯ ಮರುದಿನ ನಮ್ಮ ಬ್ಯಾಂಕಿನ ಬಳಿ ಇದ್ದ ಸರ್ಕಾರಿ ಸಾಲಪತ್ರಗಳ ಬೆಲೆಯನ್ನು ಲೆಕ್ಕ ಹಾಕಿ ನೋಡಿದೆ. ನನ್ನ ಕೋಷ್ಟಕ ಮುಂಚಿತವಾಗಿ ಹೇಳಿದ್ದ ನಷ್ಟಕ್ಕಿಂತ ನಿಜವಾದ ನಷ್ಟ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಕ್ಯಾಲ್ಕುಲೇಟರನ್ನು ಬದಿಗಿಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಮತ್ತೆ ಮೊದಲಿನಿಂದ ಕೂಡಿದೆ. ಅದೇ ಅಂಕಿ ಬಂತು.

ದಿಲ್ಲಿಯ ಬಾರಾಖಂಬಾ ರಸ್ತೆಯ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ ಆ ಸಣ್ಣ ಖಾಸಗಿ ಬ್ಯಾಂಕಿನ ಟ್ರೆಷರಿ, ಅಂದರೆ ಬ್ಯಾಂಕಿನ ಸ್ವಂತ ಹೂಡಿಕೆಗಳನ್ನು ನೋಡಿಕೊಳ್ಳುವ ವಿಭಾಗವಿತ್ತು. ನಾನು ಅಲ್ಲಿ ಸೇರಿ ಹನ್ನೊಂದು ತಿಂಗಳಾಗಿತ್ತು. ಆಗಸ್ಟಿನಲ್ಲಿ ನನ್ನ ಪರೀಕ್ಷಾವಧಿ ಮುಗಿದು ಕೆಲಸ ಖಾಯಂ ಆಗಬೇಕಿತ್ತು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹರಿಹರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ತಂದೆ ನನ್ನನ್ನು ರೈಲು ಹತ್ತಿಸುವಾಗ ಹೇಳಿದ ಮಾತು ಒಂದೇ: "ತಿಳಿಯದಿದ್ದರೆ ತಿಳಿದವರ ಹಾಗೆ ಸುಮ್ಮನಿರು." ಆ ಉಪದೇಶವನ್ನು ನಾನು ಅಗತ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ಪಾಲಿಸಿದ್ದೆನೆಂದು ಈ ಕಥನ ತೋರಿಸುತ್ತದೆ.

ನನ್ನ ಕೆಲಸ ಸರಳವಾಗಿತ್ತು. ಜನರ ಠೇವಣಿಯ ಒಂದು ಭಾಗವನ್ನು ಪ್ರತಿ ಬ್ಯಾಂಕೂ ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು. ಬಡ್ಡಿ ಕಡಿಮೆಯಿದ್ದ ವರ್ಷಗಳಲ್ಲಿ ನಮ್ಮ ಬ್ಯಾಂಕ್ ನಿಯಮಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಪತ್ರಗಳನ್ನು, ಅದೂ ಉದ್ದ ಅವಧಿಯವನ್ನು, ಕೊಂಡಿತ್ತು. ಏಳೂವರೆ ಬಡ್ಡಿ ಕೊಡುವ ಹಳೆಯ ಪತ್ರ ಕೈಯಲ್ಲಿರುವಾಗ ಪೇಟೆಗೆ ಎಂಟೂವರೆ ಕೊಡುವ ಹೊಸ ಪತ್ರ ಬಂದರೆ, ಹಳೆಯದನ್ನು ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ, ಬೆಲೆ ಇಳಿಸಬೇಕಾಗುತ್ತದೆ. ಅವಧಿ ಉದ್ದವಾದಷ್ಟೂ ಇಳಿಕೆ ಹೆಚ್ಚು. ಬಡ್ಡಿ ಕಾಲು ಶೇಕಡಾ ಏರಿದರೆ ಪ್ರತಿ ಪತ್ರದಲ್ಲಿ ಎಷ್ಟು ನಷ್ಟವಾದೀತು ಎಂಬುದನ್ನು ನಾನು ಒಂದೊಂದು ಸಾಲಿನಲ್ಲಿ ತೋರಿಸಿ, ಕೆಳಗೆ ಮೊತ್ತ ಹಾಕುತ್ತಿದ್ದೆ. ಆ ಮೊತ್ತಕ್ಕೆ ಆಡಳಿತ ಮಂಡಳಿ ಒಂದು ಮಿತಿಯನ್ನು ವಿಧಿಸಿತ್ತು. ಮಿತಿ ಮೀರಿದರೆ ಪತ್ರಗಳನ್ನು ಮಾರಲೇಬೇಕು. ಹನ್ನೊಂದು ತಿಂಗಳೂ ನನ್ನ ಮೊತ್ತ ಮಿತಿಯ ಒಳಗೇ ಇತ್ತು. ಕೆಳಗೆ "ತಯಾರಿಸಿದವರು" ಎಂಬಲ್ಲಿ ನನ್ನ ಸಹಿ, "ಪರಿಶೀಲಿಸಿದವರು" ಎಂಬಲ್ಲಿ ವಿಭಾಗದ ಮುಖ್ಯಸ್ಥರ ಸಹಿ.

ಮುಖ್ಯಸ್ಥರು ಲಾಜ್‌ಪತ್ ನಗರದ ಪಂಜಾಬಿ ಸಜ್ಜನರು. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ವ್ಯತ್ಯಾಸವನ್ನು ತೋರಿಸಿದಾಗ ಅವರು ಕನ್ನಡಕವನ್ನು ಹಣೆಗೆ ಏರಿಸಿ ನಕ್ಕರು.

"ಪ್ಯಾನಿಕ್, ಬೇಟಾ. ಪೇಟೆ ಹೆದರಿಕೊಂಡಿದೆ. ಹೆದರಿದವರು ಫಾರ್ಮುಲಾ ನೋಡಿ ಮಾರುತ್ತಾರಾ? ಚಹಾ ಕುಡಿ."

ನಾನು ಚಹಾ ಕುಡಿದೆ. ಆದರೆ ಆ ಉತ್ತರ ಸರಿಹೊಂದುತ್ತಿರಲಿಲ್ಲ. ಪೇಟೆಯ ದರ ನಿಜವಾಗಿ ಎಷ್ಟು ಏರಿತ್ತೋ ಅಷ್ಟಕ್ಕೇ ನಾನು ನನ್ನ ಕೋಷ್ಟಕವನ್ನು ಗುಣಿಸಿದ್ದೆ. ಭಯವೂ ಆ ದರದೊಳಗೇ ಸೇರಿತ್ತು. ಇದನ್ನು ಅವರಿಗೆ ಹೇಳಬೇಕೆಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಎರಡು ಬಾರಿ ಮನಸ್ಸಿನಲ್ಲೇ ಜೋಡಿಸಿದೆ. ಕ್ರಿಯಾಪದ ಸರಿಯಿದೆಯೇ ಎಂದು ಅನುಮಾನಿಸುವಷ್ಟರಲ್ಲಿ ಅವರ ಫೋನ್ ರಿಂಗಾಯಿತು.

ನಾನು ಮಯೂರ್ ವಿಹಾರದ ಒಂದು ವಸತಿ ಸೊಸೈಟಿಯ ಫ್ಲ್ಯಾಟಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಒಡತಿ ಧಾರವಾಡದ ಕಡೆಯವರು. ದಿಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನರ್ಸ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಸೊಸೈಟಿಯವರೆಲ್ಲ ಅವರನ್ನು "ಸಿಸ್ಟರ್‌ಜೀ" ಎನ್ನುತ್ತಿದ್ದರು. ನಾನು ಆಂಟಿ ಎನ್ನುತ್ತಿದ್ದೆ. ಅವರ ನಿವೃತ್ತಿ ಹಣದಲ್ಲಿ ನಾಲ್ಕು ಲಕ್ಷ ನಮ್ಮ ಬ್ಯಾಂಕಿನಲ್ಲಿ ಒಂದು ವರ್ಷದ ಠೇವಣಿಯಾಗಿತ್ತು. ತಂದವಳು ನಾನೇ. ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಇಷ್ಟು ಠೇವಣಿ ತರಬೇಕೆಂಬ ರೂಢಿ ನಮ್ಮಲ್ಲಿತ್ತು. ದಿಲ್ಲಿಯಲ್ಲಿ ನನಗೆ ಗೊತ್ತಿದ್ದವರು ಅವರೊಬ್ಬರೇ. ದೊಡ್ಡ ಬ್ಯಾಂಕಿಗಿಂತ ಅರ್ಧ ಶೇಕಡಾ ಹೆಚ್ಚು ಬಡ್ಡಿ ಎಂದು ಹೇಳಿ ಅರ್ಜಿ ತುಂಬಿಸಿದ್ದೆ. ಬ್ಯಾಂಕು ಮುಳುಗಿದರೆ ವಿಮೆಯಿಂದ ಸಿಗುವುದು ಒಂದು ಲಕ್ಷ ಮಾತ್ರ ಎಂಬುದನ್ನು ಹೇಳಿರಲಿಲ್ಲ. ಅವರು ಕೇಳಿರಲಿಲ್ಲ.

ಆ ಸಂಜೆ ಬ್ಲೂಲೈನ್ ಬಸ್ಸಿಳಿದು, ಮೆಟ್ರೊ ಕಂಬಗಳಿಗಾಗಿ ಅಗೆದ ರಸ್ತೆಯ ಧೂಳು ದಾಟಿ ಮನೆಗೆ ಬಂದಾಗ ಅವರು ಟೀವಿಯ ಮುಂದೆ ಕುಳಿತು ಹುರುಳಿಕಾಯಿ ಸೋಸುತ್ತಿದ್ದರು.

"ಬಾ ತಂಗಿ. ಬಡ್ಡಿ ಏರಸ್ಯಾರಂತ ಟೀವ್ಯಾಗ ಬಡಕೊಳ್ಳಾಕತ್ಯಾರ. ನನಗ ಚಲೋನ ಆತಲ್ಲ? ಮುಂದಿನ ಸಲ ಇನ್ನೂ ಹೆಚ್ಚಿಗಿ ಬರತೈತಿ."

"ಹೌದು ಆಂಟಿ. ಠೇವಣಿ ಇಟ್ಟವರಿಗೆ ಒಳ್ಳೆಯದೇ."

"ಮತ್ತ ನಿನ್ನ ಮಾರಿ ಯಾಕ ಹಂಗ ಬಾಡೇತಿ? ನಿಮ್ಮ ಬ್ಯಾಂಕ ಗಟ್ಟಿ ಐತಿಲ್ಲೋ?"

"ಗಟ್ಟಿ ಇದೆ," ಎಂದೆ. ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ರೋಗಿಯ ಜ್ವರವನ್ನು ಕೈಯಿಂದಲೇ ಅಂದಾಜು ಮಾಡಬಲ್ಲವರ ನೋಟ ಅದು. ಬಳಿಕ ಹುರುಳಿಕಾಯಿಗೆ ಮರಳಿದರು.

ಮುಂದಿನ ಮೂರು ದಿನ ನಾನು ಊಟದ ವಿರಾಮದಲ್ಲಿ ಹೊರಗೆ ಹೋಗಲಿಲ್ಲ. ಇಡೀ ಹಾಳೆಯನ್ನು ಮುದ್ರಿಸಿಕೊಂಡು, ಸ್ಕೇಲನ್ನು ಸಾಲಿನ ಕೆಳಗಿಟ್ಟು, ಪೆನ್ಸಿಲಿನಿಂದ ಒಂದೊಂದೇ ಗುರುತು ಹಾಕುತ್ತ ಹೋದೆ. ಬಡ್ಡಿ ಸರಿ. ಅವಧಿ ಸರಿ. ಬೆಲೆ ಸರಿ. ಹದಿಮೂರು ಸಾಲುಗಳೂ ಸರಿ. ಮೂರನೆಯ ದಿನ ಪತ್ರಗಳ ದಾಸ್ತಾನು ಪಟ್ಟಿಯನ್ನು ಪಕ್ಕದಲ್ಲಿಟ್ಟು ಎಣಿಸಿದೆ. ಅದರಲ್ಲಿ ಹದಿನಾಲ್ಕು ಪತ್ರಗಳಿದ್ದವು.

ಹದಿನಾಲ್ಕನೆಯದು ಕಂಪ್ಯೂಟರಿನಲ್ಲಿ ಮೊತ್ತದ ಕೆಳಗಿನ ಸಾಲಿನಲ್ಲಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಪತ್ರ. ನಮ್ಮಲ್ಲಿದ್ದ ಎಲ್ಲಕ್ಕಿಂತ ಉದ್ದದ್ದು, ಎಲ್ಲಕ್ಕಿಂತ ದೊಡ್ಡದು. ಕೂಡುವ ಸೂತ್ರ ಅದರ ಮೇಲಿನ ಸಾಲಿಗೇ ನಿಂತಿತ್ತು. ಮುದ್ರಣದ ಎಲ್ಲೆಯೂ ಮೊತ್ತಕ್ಕೇ ಮುಗಿಯುತ್ತಿದ್ದರಿಂದ ಪ್ರತಿ ತಿಂಗಳು ಬ್ಯಾಂಕಿನ ಹೂಡಿಕೆ ಸಮಿತಿಯ ಮುಂದೆ ಹೋಗುವ ಕಾಗದದಲ್ಲಿ ಅದು ಎಂದೂ ಕಂಡಿರಲಿಲ್ಲ.

ಆ ಸಾಲನ್ನು ಬರೆದವಳು ನಾನೇ. ಸೇರಿದ ಮೊದಲ ವಾರ ಆ ಪತ್ರವನ್ನು ಕೊಂಡಿದ್ದರು. ಕೋಷ್ಟಕವನ್ನು ಒಪ್ಪಿಸಿ ವರ್ಗವಾಗಿ ಹೋದ ಅಧಿಕಾರಿ "ಫಾರ್ಮ್ಯಾಟ್ ಮಾತ್ರ ಮುಟ್ಟಬೇಡಿ, ಅದು ಸಮಿತಿ ಒಪ್ಪಿದ್ದು" ಎಂದು ಎಚ್ಚರಿಸಿದ್ದರು. ಗೆರೆ ಹಾಕಿದ ಚೌಕಟ್ಟಿನೊಳಗೆ ಹೊಸ ಸಾಲು ಸೇರಿಸಿದರೆ ಫಾರ್ಮ್ಯಾಟ್ ಮುಟ್ಟಿದಂತಾಗುವುದೇ ಎಂದು ಯಾರನ್ನಾದರೂ ಕೇಳಬೇಕಿತ್ತು. ಅಷ್ಟು ಸಣ್ಣ ಪ್ರಶ್ನೆ ಕೇಳಿದರೆ ಇವಳಿಗೆ ಏನೂ ಬಾರದು ಎಂದುಕೊಂಡಾರೆಂದು ಹೆದರಿದೆ. ನಾಳೆ ಕೇಳೋಣವೆಂದು ಸದ್ಯಕ್ಕೆ ಚೌಕಟ್ಟಿನ ಕೆಳಗೆ ಬರೆದಿಟ್ಟೆ. ಆ ನಾಳೆ ಹನ್ನೊಂದು ತಿಂಗಳು ಬರಲಿಲ್ಲ.

ಸೂತ್ರವನ್ನು ಒಂದು ಸಾಲು ಕೆಳಕ್ಕೆ ಎಳೆದೆ. ಮೊತ್ತ ಮಂಡಳಿಯ ಮಿತಿಯನ್ನು ದಾಟಿ ಬಹಳ ಮುಂದೆ ಹೋಗಿ ನಿಂತಿತು. ಕೂಡಲೇ ಅದನ್ನು ಮತ್ತೆ ಹಿಂದಕ್ಕೆ ಎಳೆದು, ಸುತ್ತ ನೋಡಿದೆ.

ನನ್ನ ಪಕ್ಕದ ಮೇಜಿನಲ್ಲಿ ನಮ್ಮ ಡೀಲರ್, ಅಂದರೆ ಪತ್ರಗಳನ್ನು ಕೊಂಡು ಮಾರುವವನು, ಕೂರುತ್ತಿದ್ದ. ಬೆಂಗಳೂರಿನ ಬಸವನಗುಡಿಯವನು. ನನಗಿಂತ ಮೂರು ವರ್ಷ ದೊಡ್ಡವನು, ನನಗಿಂತ ಮೂವತ್ತು ವರ್ಷ ಹೆಚ್ಚು ಧೈರ್ಯದವನು. ಆ ಮಹಡಿಯಲ್ಲಿ ನಾನು ವಾಕ್ಯ ಜೋಡಿಸದೆ ಮಾತಾಡಬಹುದಾಗಿದ್ದದ್ದು ಅವನೊಬ್ಬನ ಜೊತೆ. ಅವನಿಗೆ ತೋರಿಸಿದೆ. ಅವನು ಕುರ್ಚಿಯನ್ನು ಉರುಳಿಸಿಕೊಂಡು ಬಂದು ಪರದೆಯನ್ನು ನೋಡಿದ.

"ಅಯ್ಯೋ ತಾಯಿ," ಎಂದ. "ಆನೆ ಹೊರಗಡೆ ನಿಲ್ಲಿಸಿ, ಒಳಗಡೆ ಇಲಿ ಎಣಿಸಿದ್ದೀಯಲ್ಲ."

"ಈಗ ಏನು ಮಾಡಲಿ?"

"ಏನೂ ಮಾಡ್ಬೇಡ. ಫಾರ್ಮುಲಾ ಸರಿ ಮಾಡು, ಬಾಯಿ ಮುಚ್ಕೊಂಡಿರು. ಮುಂದಿನ ತಿಂಗಳು ನಂಬರ್ ಜಾಸ್ತಿ ಬರುತ್ತೆ. ಬಡ್ಡಿ ಏರಿತಲ್ಲ, ಅದಕ್ಕೇ ಅನ್ಕೋತಾರೆ. ಹನ್ನೊಂದು ತಿಂಗಳ ಹಿಂದಿನ ಕಾಗದ ಯಾರು ತೆಗೆದು ನೋಡ್ತಾರೆ?"

"ಬಡ್ಡಿ ಏರಿದಾಗ ಪತ್ರಗಳ ಬೆಲೆಯೇ ಇಳಿದಿರುತ್ತದೆ; ಹಾಗಾಗಿ ಮುಂದಿನ ಕಾಲು ಶೇಕಡಾಕ್ಕೆ ಆಗುವ ನಷ್ಟದ ಈ ಸಂಖ್ಯೆ ಸ್ವಲ್ಪ ಇಳಿಯಬೇಕು, ಏರಬಾರದು."

"ಅದು ನಿಂಗೊತ್ತು, ನಂಗೊತ್ತು. ಸಮಿತಿಯಲ್ಲಿ ಯಾರಿಗೆ ಗೊತ್ತು?" ಅವನು ದನಿ ತಗ್ಗಿಸಿದ. "ಆಗಸ್ಟಲ್ಲಿ ನಿನ್ನ ಕನ್ಫರ್ಮೇಷನ್ ಇದೆ. ನೆನಪಿದೆ ತಾನೆ?"

ಅದೊಂದೇ ನೆನಪಿತ್ತು. ಜುಲೈ ಕೊನೆಗೆ ಕೇಂದ್ರ ಬ್ಯಾಂಕಿನ ತ್ರೈಮಾಸಿಕ ಘೋಷಣೆ ಬರುವುದಿತ್ತು. ಅದಕ್ಕೆ ಕೆಲವು ದಿನ ಮೊದಲು ನಮ್ಮ ಸಮಿತಿ ಸೇರಿ, ಪತ್ರಗಳನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂದು ನಿರ್ಧರಿಸಬೇಕಿತ್ತು. ಇನ್ನು ಏರಿಸಲಾರರು, ಏರಿಸಿದರೂ ಕಾಲು ಶೇಕಡಾ, ಆದ್ದರಿಂದ ಇಟ್ಟುಕೊಳ್ಳೋಣ ಎಂಬುದು ಮುಖ್ಯಸ್ಥರ ಅಭಿಪ್ರಾಯ. ನನ್ನ ಕೋಷ್ಟಕವನ್ನು ನಂಬಿದರೆ ಅದು ಸರಿಯಾದ ಅಭಿಪ್ರಾಯವೇ ಆಗಿತ್ತು.

ಮೂರು ವಾರ ನಾನು ಒಂದು ಕಡೆ ಕೂರಲಾರದವಳಾದೆ. ಕನಾಟ್ ಪ್ಲೇಸಿನ ಒಳವೃತ್ತವನ್ನು ಬಿಸಿಲಿನಲ್ಲಿ ಎರಡೆರಡು ಸುತ್ತು ಹಾಕುತ್ತಿದ್ದೆ. ಒಮ್ಮೆ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳುವ ಈಮೇಲ್ ಬರೆದು, ವ್ಯಾಕರಣ ತಿದ್ದಿ, ಅಳಿಸಿಬಿಟ್ಟೆ. ಮನೆಯಲ್ಲಿ ಆಂಟಿಯ ಎದುರು ಕೂತು ಊಟ ಮಾಡುವುದು ಕಷ್ಟವಾಯಿತು. "ನಿಮ್ಮ ಹಣ ತೆಗೆದುಕೊಂಡುಬಿಡಿ" ಎಂಬ ಮೂರು ಪದಗಳು ನಾಲಗೆಯ ತುದಿಯಲ್ಲಿರುತ್ತಿದ್ದವು. ಹೇಳಿದರೆ, ಬ್ಯಾಂಕಿನೊಳಗಿನ ಗುಟ್ಟನ್ನು ಒಬ್ಬ ಠೇವಣಿದಾರರಿಗೆ ಮಾರಿದಂತಾಗುತ್ತಿತ್ತು. ಅವರು ಸೊಸೈಟಿಯಲ್ಲಿ ಇನ್ನೊಬ್ಬರಿಗೆ ಹೇಳಿದರೆ ಮರುದಿನ ಶಾಖೆಯ ಮುಂದೆ ಸಾಲು ನಿಲ್ಲುತ್ತಿತ್ತು. ಹೇಳದಿದ್ದರೆ ಅವರ ನಾಲ್ಕು ಲಕ್ಷ, ನನ್ನ ತಪ್ಪಿನ ಮೇಲೆ ಕೂತಿತ್ತು. ಅವರನ್ನು ಉಳಿಸಲು ನ್ಯಾಯವಾದ ದಾರಿ ಒಂದೇ ಇತ್ತು: ಬ್ಯಾಂಕನ್ನು ಉಳಿಸುವುದು. ಅದಕ್ಕೆ ನಾನು ಬಾಯಿ ತೆರೆಯಬೇಕಿತ್ತು.

ಸಮಿತಿ ಸೇರುವ ಹಿಂದಿನ ದಿನ ಮುಖ್ಯಸ್ಥರ ಕೋಣೆಗೆ ಹೋಗಿ, ಹೊಸ ಹಾಳೆಯನ್ನು ಅವರ ಮುಂದೆ ಇಟ್ಟೆ. ಹದಿನಾಲ್ಕು ಸಾಲು, ಕಾಲು, ಅರ್ಧ, ಒಂದು ಶೇಕಡಾ ಎಂಬ ಮೂರು ಅಂಕಣ, ಮತ್ತು ಹಿಂದಿನ ಹನ್ನೊಂದು ತಿಂಗಳ ನಿಜವಾದ ಮೊತ್ತ. ಅವರು ಓದಿದರು. ಕನ್ನಡಕ ಹಣೆಗೆ ಏರಲಿಲ್ಲ.

"ಯಾವಾಗ ಗೊತ್ತಾಯಿತು?"

"ಮೂರು ವಾರದ ಹಿಂದೆ, ಸರ್."

"ಮೂರು ವಾರ," ಎಂದರು. ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಹನ್ನೊಂದು ತಿಂಗಳನ್ನು ಕ್ಷಮಿಸುತ್ತೇನೆ, ಬೇಟಾ. ಅದು ಅಜ್ಞಾನ. ಈ ಮೂರು ವಾರ ಏನು?"

ಅವರು ಹಾಳೆಯನ್ನು ಮಡಿಸಿ ನನಗೆ ಹಿಂದಕ್ಕೆ ಕೊಟ್ಟರು. ಆಮೇಲೆ, "ಅಚ್ಛಾ, ನಾಳೆ ನೀನೇ ಹೇಳು. ನಾನು ಹೇಳಿದರೆ ನಿನ್ನ ಮೇಲೆ ಹಾಕಿದಂತಾಗುತ್ತದೆ," ಎಂದರು.

ಸಮಿತಿಯ ಕೋಣೆ ಬಹಳ ತಂಪಾಗಿತ್ತು. ವ್ಯವಸ್ಥಾಪಕ ನಿರ್ದೇಶಕರು ಮೇಜಿನ ತುದಿಯಲ್ಲಿದ್ದರು. ನಾನು ಬರೆದುಕೊಂಡು ಬಂದಿದ್ದ ಕಾಗದವನ್ನು ಓದತೊಡಗಿದೆ. ಮೂರನೆಯ ವಾಕ್ಯದಲ್ಲಿ ಅವರು ಕೈಯೆತ್ತಿ ತಡೆದರು.

"ಓದುವುದು ಬೇಡ. ಏನಾಗಿದೆ, ಹೇಳಿ."

"ದೊಡ್ಡ ಪತ್ರವನ್ನು ಕೂಡುವುದು ಬಿಟ್ಟುಹೋಗಿದೆ, ಸರ್. ಬಿಟ್ಟವಳು ನಾನು. ನಾವು ಹನ್ನೊಂದು ತಿಂಗಳಿಂದ ಮಿತಿಯ ಮೇಲೆ ಇದ್ದೇವೆ."

ಒಬ್ಬರು ಪೆನ್ನಿನ ಮುಚ್ಚಳವನ್ನು ಹಾಕುವುದೂ ತೆಗೆಯುವುದೂ ಮಾಡುತ್ತಿದ್ದರು.

"ಇದನ್ನು ಯಾರು ಪರಿಶೀಲಿಸುತ್ತಿದ್ದರು?" ಎಂದು ನಿರ್ದೇಶಕರು ಕೇಳಿದರು.

"ನಾನು," ಎಂದರು ಮುಖ್ಯಸ್ಥರು. "ಇವಳ ಸಹಿಯ ಕೆಳಗೆ ಪ್ರತಿ ತಿಂಗಳೂ ನನ್ನ ಸಹಿ ಇದೆ. ನಾನು ಮೊತ್ತವನ್ನು ನೋಡುತ್ತಿದ್ದೆ, ಸಾಲುಗಳನ್ನು ಎಣಿಸುತ್ತಿರಲಿಲ್ಲ."

ಅರ್ಧ ಗಂಟೆಯ ವಾದದ ನಂತರ ನಿರ್ಧಾರವಾಯಿತು: ಮಿತಿಯೊಳಗೆ ಬರುವವರೆಗೆ ಆ ಉದ್ದದ ಪತ್ರವನ್ನು ಘೋಷಣೆಗೆ ಮೊದಲೇ ಮಾರಬೇಕು; ನಷ್ಟವನ್ನು ಒಪ್ಪಿಕೊಂಡು ಮಂಡಳಿಗೆ ವರದಿ ಮಾಡಬೇಕು; ಬಂದ ಹಣವನ್ನು ಮೂರೇ ತಿಂಗಳಲ್ಲಿ ವಾಪಸು ಸಿಗುವ ಸರ್ಕಾರಿ ಹುಂಡಿಗಳಲ್ಲಿ ಇಡಬೇಕು. ಮಾರಲು ಉಳಿದಿದ್ದದ್ದು ನಾಲ್ಕು ಕೆಲಸದ ದಿನ.

ಅಂಥ ಪತ್ರವನ್ನು ಕೊಳ್ಳುವವರು ಮುಖ್ಯವಾಗಿ ವಿಮಾ ಕಂಪನಿಗಳು; ಅವರಿಗೆ ಅವಸರವಿರುವುದಿಲ್ಲ. ಒಂದು ಸಣ್ಣ ಬ್ಯಾಂಕು ಅವಸರದಲ್ಲಿ ಮಾರುತ್ತಿದೆಯೆಂಬ ವಾಸನೆ ಹತ್ತಿದರೆ ಬೆಲೆ ಇನ್ನೂ ಇಳಿಯುತ್ತದೆ. ಡೀಲರ್ ಐದೈದು ಕೋಟಿಯ ತುಂಡುಗಳಲ್ಲಿ, ಬೇರೆ ಬೇರೆ ದಲ್ಲಾಳಿಗಳ ಮೂಲಕ, ನಡುವೆ ಬೇರೆ ಪತ್ರವನ್ನು ಸ್ವಲ್ಪ ಕೊಳ್ಳುತ್ತ ಮಾರಿದ. ಫೋನಿನಲ್ಲಿ ಕ್ರಿಕೆಟ್ ಮಾತಾಡಿ, ನಕ್ಕು, ಕೊನೆಗೆ ಏನೋ ನೆನಪಾದವನಂತೆ ಬೆಲೆ ಕೇಳುತ್ತಿದ್ದ. ಫೋನ್ ಇಟ್ಟ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದ. ಪ್ರತಿ ತುಂಡು ಹೋದಾಗಲೂ ನಾನು ಮೊತ್ತವನ್ನು ಮತ್ತೆ ತೆಗೆದು ಅವನಿಗೆ ತೋರಿಸುತ್ತಿದ್ದೆ.

"ಇನ್ನೆಷ್ಟು?"

"ಇನ್ನು ಮೂರು ತುಂಡು."

"ನೀನು ಮಾರೋಕೆ ಬಂದಿದ್ರೆ ಗೊತ್ತಾಗ್ತಿತ್ತು," ಎಂದು ಗೊಣಗುತ್ತಿದ್ದ. "ನೂರು ರೂಪಾಯಿಗೆ, ಪೇಟೆ ಬೆಲೆಗಿಂತ ಒಂದು ರೂಪಾಯಿ ಹತ್ತು ಪೈಸೆ ಕೆಳಗೆ ಕೊಡ್ತಿದ್ದೀನಿ. ಹೊಟ್ಟೆ ಉರಿಯುತ್ತೆ."

ಘೋಷಣೆಯ ದಿನ ಎಲ್ಲರೂ ಸುದ್ದಿಯ ಪರದೆಯ ಮುಂದೆ ನಿಂತಿದ್ದೆವು. ಕೆಂಪು ಅಕ್ಷರಗಳು ಮೂಡಿದವು. ರೆಪೊ ದರ ಅರ್ಧ ಶೇಕಡಾ ಏರಿತ್ತು. ಜೊತೆಗೆ ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ಇಡಬೇಕಾದ ನಗದು ಮೀಸಲೂ ಏರಿತ್ತು. ಡೀಲರನ ಮೂರು ಫೋನುಗಳು ಒಟ್ಟಿಗೆ ರಿಂಗಾದವು. ಪತ್ರಗಳ ಬೆಲೆ ಕುಸಿಯಿತು. ಅವನು ನನ್ನತ್ತ ತಿರುಗಿ ಹೆಬ್ಬೆರಳನ್ನು ಅರ್ಧ ಎತ್ತಿದ. ನಮ್ಮ ನಷ್ಟ ಹೊಸ ಕೋಷ್ಟಕದ "ಅರ್ಧ ಶೇಕಡಾ" ಅಂಕಣದಲ್ಲಿದ್ದ ಅಂಕಿಗೆ ಬಹಳ ಹತ್ತಿರವಿತ್ತು. ಅಷ್ಟು ಕೆಟ್ಟ ಸುದ್ದಿಯ ದಿನ ನಾನು ಅದನ್ನು ಎರಡನೆಯ ಸಲ ಕೂಡಲಿಲ್ಲ.

ಆಗಸ್ಟಿನಲ್ಲಿ ನನ್ನ ಪರೀಕ್ಷಾವಧಿಯನ್ನು ಆರು ತಿಂಗಳು ವಿಸ್ತರಿಸಿದ ಪತ್ರ ಬಂತು. ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆದಿದ್ದರು. ವಾಕ್ಯ ಸರಿಯಾಗಿತ್ತು.

ಅಕ್ಟೋಬರ್ ವೇಳೆಗೆ ಅಮೆರಿಕದಲ್ಲಿ ದೊಡ್ಡ ಸಂಸ್ಥೆಗಳು ಉರುಳಿದ ಸುದ್ದಿ ಇಲ್ಲಿಯೂ ನೆಲ ಅಲುಗಿಸಿತ್ತು. ಬ್ಯಾಂಕುಗಳು ಒಂದು ದಿನದ ಮಟ್ಟಿಗೂ ಪರಸ್ಪರ ಸಾಲ ಕೊಡಲು ಹಿಂಜರಿಯತೊಡಗಿದವು. ನಮ್ಮಂಥ ಸಣ್ಣವರಿಗೆ ಕೇಳಿದ ದರಕ್ಕೂ ಸಿಗುತ್ತಿರಲಿಲ್ಲ. ಆ ತಿಂಗಳ ಕೊನೆಯ ವಾರ ನಮ್ಮಲ್ಲಿ ಅತಿ ದೊಡ್ಡ ಠೇವಣಿ ಇಟ್ಟಿದ್ದ ಒಂದು ಉದ್ದಿಮೆ, ಅವಧಿ ಮುಗಿದ ಕೂಡಲೇ ಹಣವನ್ನೆಲ್ಲ ವಾಪಸು ಕೇಳಿತು. ಅವಧಿ ಮುಗಿದ ಹುಂಡಿಗಳಿಂದ ಬಂದ ಹಣ ಖಾತೆಯಲ್ಲಿ ಸಿದ್ಧವಿತ್ತು. ಮಧ್ಯಾಹ್ನದೊಳಗೆ ಪಾವತಿಯಾಯಿತು. ಆ ಉದ್ದದ ಪತ್ರ ನಮ್ಮಲ್ಲೇ ಉಳಿದಿದ್ದರೆ ಆ ವಾರ ಯಾವ ಬೆಲೆಗೆ ಮಾರಬೇಕಾಗುತ್ತಿತ್ತು, ಮಾರಲು ಆಗುತ್ತಿತ್ತೇ ಎಂಬುದನ್ನು ನಾನು ಲೆಕ್ಕ ಹಾಕಲಿಲ್ಲ. ಡೀಲರ್ ಹಾಕಿದ, ತೋರಿಸಲಿಲ್ಲ.

ಆಂಟಿಯ ಠೇವಣಿಯ ಅವಧಿಯೂ ಅದೇ ತಿಂಗಳು ಮುಗಿಯಿತು. ಅವರು ನನಗೆ ಹೇಳದೆ ಶಾಖೆಗೆ ಹೋಗಿ, ನಾಲ್ಕು ಲಕ್ಷವನ್ನೂ ಬಡ್ಡಿಯನ್ನೂ ಡ್ರಾಫ್ಟ್ ಮಾಡಿಸಿಕೊಂಡು ಬಂದರು. ಸಂಜೆ ಚಹಾ ಕೊಡುವಾಗ ಆ ಲಕೋಟೆ ಮೇಜಿನ ಮೇಲಿತ್ತು.

"ನಿನಗ ಗೊತ್ತಿತ್ತು," ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

"ಗೊತ್ತಿತ್ತು, ಆಂಟಿ."

"ಜೂನ್‌ದಾಗನ."

"ಹೌದು. ಹೇಳುವ ಹಾಗಿರಲಿಲ್ಲ."

ಅವರು ಚಹಾವನ್ನು ಬಸಿಯಲ್ಲಿ ಸುರಿದು ಆರಿಸಿಕೊಂಡರು. "ಡಾಕ್ಟರ್ ಹೇಳೂದಕ್ಕಿಂತ ಮುಂಚೆ ನರ್ಸಿಗೆ ಗೊತ್ತಾಗಿರತೈತಿ. ಮಂದಿ ಬಾಗಲದಾಗ ನಿಂತು ಕೇಳ್ತಾರ, 'ಸಿಸ್ಟರ್‌ಜೀ, ಹೇಗಿದ್ದಾರೆ?' 'ಠೀಕ್ ಹೈ' ಅಂತ ಹೇಳಿ ಒಳಗ ಹೋಗಿ ಅತ್ತೀನಿ ನಾನು." ಬಸಿ ಕೆಳಗಿಟ್ಟರು. "ಆದರ ನಾನು ಯಾರನ್ನೂ ಕರಕೊಂಡು ಬಂದು ಆ ಹಾಸಿಗಿ ಮ್ಯಾಲೆ ಮಲಗಿಸಿರಲಿಲ್ಲ, ತಂಗಿ."

ನಾನು ತಲೆ ತಗ್ಗಿಸಿದೆ. ವಿಮೆಯ ಮಾತನ್ನೂ ಆಗಲೇ ಹೇಳಿದೆ: ಒಂದು ಲಕ್ಷಕ್ಕೆ ಮಾತ್ರ ರಕ್ಷಣೆಯಿತ್ತು, ಮೂರು ಲಕ್ಷಕ್ಕೆ ಇರಲಿಲ್ಲ, ಅದನ್ನು ಅರ್ಜಿ ತುಂಬಿಸುವ ದಿನವೇ ಹೇಳಬೇಕಿತ್ತು. ಆ ವಾರ ಅವರು ನನ್ನ ತಟ್ಟೆಗೆ ಎರಡನೆಯ ಸಲ ಅನ್ನ ಬಡಿಸಲಿಲ್ಲ.

ಅಷ್ಟರಲ್ಲಿ ಕೇಂದ್ರ ಬ್ಯಾಂಕ್ ದಿಕ್ಕು ಬದಲಿಸಿ ದರವನ್ನು ಇಳಿಸತೊಡಗಿತ್ತು, ಒಂದರ ಹಿಂದೊಂದು. ಪತ್ರಗಳ ಬೆಲೆ ಹಾರಿತು. ಡಿಸೆಂಬರ್ ಕೊನೆಯಲ್ಲಿ ಡೀಲರ್ ಒಂದು ಚೀಟಿಯನ್ನು ನನ್ನ ಮೇಜಿನ ಮೇಲೆ ಇಟ್ಟ. ಜುಲೈಯಲ್ಲಿ ನಾವು ಮಾರಿದ ಪತ್ರ ಇಂದು ನಮ್ಮಲ್ಲೇ ಇದ್ದಿದ್ದರೆ ಎಷ್ಟು ಲಾಭ ಎಂಬ ಒಂದೇ ಅಂಕಿ ಅದರಲ್ಲಿತ್ತು. ಜುಲೈಯ ನಷ್ಟಕ್ಕಿಂತ ಅದು ಹಲವು ಪಟ್ಟು ದೊಡ್ಡದು.

"ಬೈತಿಲ್ಲ, ಆಯ್ತಾ," ಎಂದ. "ಸುಮ್ನೆ ಗೊತ್ತಿರ್ಲಿ ಅಂತ."

ಆ ಚೀಟಿಯನ್ನು ಮನೆಗೆ ಒಯ್ದು, ಯಾಕೆಂದು ತಿಳಿಯದೆ, ಆಂಟಿಗೆ ತೋರಿಸಿದೆ. ಮಾರದೆ ಕಾದಿದ್ದರೆ ಬ್ಯಾಂಕಿಗೆ ಇಷ್ಟು ಸಿಗುತ್ತಿತ್ತೆಂದು ವಿವರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸೊನ್ನೆಗಳನ್ನು ಎಣಿಸಿದರು.

"ಅಲ್ಲೀತನಕಾ ಪೇಷಂಟ್ ಬದುಕಿರಬೇಕಲ್ಲವಾ," ಎಂದು ಚೀಟಿಯನ್ನು ಹಿಂದಕ್ಕೆ ಕೊಟ್ಟರು.

ಬದುಕಿರುತ್ತಿತ್ತೇ ಇಲ್ಲವೇ ಎಂಬುದು ನನಗೆ ಇಂದಿಗೂ ಖಚಿತವಿಲ್ಲ. ಯಾರೋ ಸಾಲ ಕೊಡುತ್ತಿದ್ದರೇನೋ. ಉದ್ದಿಮೆಯವರು ಒಂದು ವಾರ ತಡೆಯುತ್ತಿದ್ದರೇನೋ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ: ಈಗ ನಾನು ತಯಾರಿಸುವ ಕೋಷ್ಟಕಗಳಲ್ಲಿ ಮೊತ್ತ ಮೇಲಿರುತ್ತದೆ, ಅದರ ಪಕ್ಕದಲ್ಲಿ ಸಾಲುಗಳ ಸಂಖ್ಯೆಯೂ ಇರುತ್ತದೆ.

ಫೆಬ್ರವರಿಯಲ್ಲಿ ನನ್ನ ಕೆಲಸ ಖಾಯಂ ಆಯಿತು. ಆ ಭಾನುವಾರ ಆಂಟಿ ನನ್ನನ್ನು ಅಡಿಗೆಮನೆಯಿಂದಲೇ ಕೂಗಿ ಕರೆದು, ಚೆಕ್ ಪುಸ್ತಕವನ್ನು ಮುಂದೆ ತಳ್ಳಿದರು.

"ನಿಮ್ಮ ಬ್ಯಾಂಕಿನ ಫಾರ್ಮ್ ತುಂಬು."

ನಾನು ಅವರ ಮುಖ ನೋಡಿದೆ. "ನಿಜವಾಗಿಯೂ ಇಡುತ್ತೀರಾ, ಆಂಟಿ?"

"ಇಡ್ತೀನಿ. ನಿನ್ನ ಮ್ಯಾಲೆ ವಿಶ್ವಾಸ ಐತಿ."

"ಎಷ್ಟು ಬರೆಯಲಿ?"

"ಬಡ್ಡಿ ಸೇರಿ ಒಂದು ಲಕ್ಷದೊಳಗ ಬರೂವಂಗ ಲೆಕ್ಕಾ ಹಾಕು," ಎಂದು ಒಲೆಯ ಉರಿ ತಗ್ಗಿಸಿದರು. "ಒಂದು ರೂಪಾಯಿ ಮ್ಯಾಲೆ ಹೋಗಬಾರದು."

ನಾನು ಲೆಕ್ಕ ಹಾಕಿದೆ. ಎರಡು ಸಲ.